ದೋಣಿಗೆ ಬರೆಸಿದ ಹೆಸರು

ಮಗು ಮನೆಗೆ ಬಂದು ಐದು ವಾರವಾಗಿತ್ತು. ಈ ಐದು ವಾರದಲ್ಲಿ ಫ್ಲೋರಾ ಗಿಲ್ಲಿಸ್ ತನ್ನ ಮೊಮ್ಮಗಳನ್ನು ಪುಟ್ಟಿ ಎಂದು ಕರೆದಿದ್ದಳು, ಬಂಗಾರಿ ಎಂದಿದ್ದಳು, ಸಿಟ್ಟು ಬಂದಾಗ ಮಗನಿಗೆ "ನಿನ್ನ ಮಗಳು" ಎಂದಿದ್ದಳು. ಹೆಸರು ಹಿಡಿದು ಮಾತ್ರ ಒಂದು ಸಲವೂ ಕರೆದಿರಲಿಲ್ಲ. ಗಂಡನಿಗೂ ಮಗನಿಗೂ ಅದು ಗೊತ್ತಾಗಿರಲಿಲ್ಲ, ಗಂಡಸರಿಗೆ ಇಂಥದ್ದು ಬೇಗ ಗೊತ್ತಾಗುವುದೂ ಇಲ್ಲ. ಸೊಸೆ ಜಾನೆಲ್‌ಗೆ ಮೊದಲ ವಾರವೇ ಗೊತ್ತಾಗಿತ್ತು.

ಹೆಸರು ಬೆಹಕ್. ಕೇಪ್ ಬ್ರೆಟನ್ ದ್ವೀಪದ ಈ ಪಶ್ಚಿಮ ದಂಡೆಯಲ್ಲಿ, ಮನೆಮನೆಯಲ್ಲೂ ಹಿರಿಯರ ಗೇಲಿಕ್ ಭಾಷೆ ಮಾತಾಡುತ್ತಿದ್ದ ಕಾಲದ ಹೆಸರು. ಈಗ ಸ್ಮಶಾನದಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಅದನ್ನು ಬರೆಯುವುದು ಒಂದು ಥರ, ಹೇಳುವುದು ಇನ್ನೊಂದು ಥರ; ಕಾಗದದ ಮೇಲೆ ನೋಡಿದವರು ಅಕ್ಷರ ಇದ್ದಂತೆ ಓದುತ್ತಿದ್ದರು. ಆಸ್ಪತ್ರೆಯ ನರ್ಸಮ್ಮ ಬೀತ್ಯಾಗ್ ಎಂದಳು. ಅಂಚೆ ಕಚೇರಿಯವಳು ಬೆತಗಾ ಎಂದು ಕರೆದು, ತಾನೇ ನಾಚಿಕೊಂಡು, ಮಗುವಿನ ಕೆನ್ನೆ ಹಿಂಡಿ ಸುಮ್ಮನಾದಳು. ಆರೋಗ್ಯ ಕಾರ್ಡಿಗೆಂದು ಫೋನು ಮಾಡಿದಾಗ ಅತ್ತ ಕಡೆಯ ಹೆಂಗಸು ಅಕ್ಷರಗಳನ್ನೆಲ್ಲ ಬರೆದುಕೊಂಡು, "ಇದು ಮಗೂದಾ, ಕಂಪೆನೀದಾ?" ಎಂದು ಕೇಳಿದ್ದಳು. ಜಾನೆಲ್ ಅದನ್ನು ನಗುತ್ತಲೇ ಊಟದ ಮೇಜಿನಲ್ಲಿ ಹೇಳಿದ್ದಳು. ಫ್ಲೋರಾ ನಗಲಿಲ್ಲ.

ಆ ಭಾನುವಾರ ಚರ್ಚು ಮುಗಿಸಿಕೊಂಡು ಲಾಕಿಯ ಅಕ್ಕ ಟೀನೀ ಊಟಕ್ಕೆ ಬಂದಳು. ಲಾಕಿ ಎಂದರೆ ಫ್ಲೋರಾಳ ಗಂಡ, ನಲವತ್ತು ವರ್ಷದಿಂದ ಇದೇ ಬಂದರಿನಿಂದ ಲಾಬ್‌ಸ್ಟರ್ ಹಿಡಿಯುವವನು. ಟೀನೀಗೆ ಎಪ್ಪತ್ತೈದು ದಾಟಿದೆ. ಕಿವಿ ಮಂದ, ಬಾಯಿ ಚುರುಕು. ಉಪ್ಪುಮೀನು, ಬೇಯಿಸಿದ ಆಲೂಗಡ್ಡೆ, ಕರಿದ ಹಂದಿ ಕೊಬ್ಬಿನ ಚೂರು ಬಡಿಸಿದ್ದಾಯಿತು. ಟೀನೀ ಫೋರ್ಕನ್ನು ಮಗುವಿನ ತೊಟ್ಟಿಲ ಕಡೆ ತಿರುಗಿಸಿದಳು.

"ಏನಂತ ಕರೀತೀರಿ ಅದನ್ನ, ಇನ್ನೊಂದ್ಸಲ ಹೇಳಿ."

"ಬೆಹಕ್, ಟೀನೀ ಅತ್ತೆ," ಎಂದಳು ಜಾನೆಲ್.

"ಕೆಮ್ಮಿದ ಹಾಗಿದೆಯಲ್ಲೇ."

ಲಾಕಿ ನಕ್ಕ. ಜಾನೆಲ್ ಕೂಡ ನಕ್ಕಳು. "ನಾಲ್ಕು ದಿನ ಕರೆದರೆ ಅಭ್ಯಾಸ ಆಗುತ್ತೆ ಅತ್ತೆ."

"ನನಗಿನ್ನೆಷ್ಟು ದಿನ ಉಳಿದಿದೆ ಅಂತ ಅಭ್ಯಾಸ ಮಾಡ್ಕೊಳ್ಳಲಿ? ಆ ಹೆಸರಿನ ಸಂತರೂ ಇಲ್ಲ. ನಾಳೆ ಈ ಮಗು ಯಾರಿಗೆ ಮೊರೆ ಇಡ್ಬೇಕು?"

"ನಮ್ಮಜ್ಜಿ ಹೆಸರು ಅದು," ಎಂದ ಮಗ ರಾನಲ್ಡ್, ಬಾಯಲ್ಲಿ ತುತ್ತು ಇಟ್ಟುಕೊಂಡೇ. "ಅಮ್ಮನ ಅಮ್ಮ."

"ನಿಮ್ಮಜ್ಜಿ ರೆಬೆಕ್ಕಾ ಕಣೋ. ನಾನು ಕಂಡಿಲ್ವಾ ಅವಳನ್ನ? ಸಮಾಧಿ ಕಲ್ಲಿನ ಮೇಲೂ ರೆಬೆಕ್ಕಾ ಅಂತಲೇ ಇದೆ. ಏನೇ ಫ್ಲೋರಾ, ಹೌದೋ ಅಲ್ವೋ?"

ಫ್ಲೋರಾ ಎದ್ದು ಒಲೆಯ ಹತ್ತಿರ ಹೋದಳು. "ಟೀ ಇನ್ನೂ ಗಟ್ಟಿಯಾಗ್ಬೇಕಾ ಟೀನೀ?"

"ಮಾತು ತಿರುಗಿಸ್ಬೇಡ."

"ಫ್ಲೋರಾನೇ ನನಗೆ ಹೇಳಿದ್ದು," ಎಂದಳು ಜಾನೆಲ್. "ಕಳೆದ ಚಳಿಗಾಲ, ರೊಟ್ಟಿಗೆ ಹಿಟ್ಟು ಕಲಸ್ತಾ ಇದ್ರು. ಶಾಲೇಲಿ ರೆಬೆಕ್ಕಾ, ಚರ್ಚಲ್ಲಿ ರೆಬೆಕ್ಕಾ, ಮನೇಲಿ ಮಾತ್ರ ಬೆಹಕ್ ಅಂದ್ರು. ಹಾಗಂದ್ರೆ ಜೀವ ಅಂತ ಅರ್ಥವಂತೆ. ಆವತ್ತೇ ನಾನು ರಾನಲ್ಡ್‌ಗೆ ಹೇಳಿದೆ, ಹೆಣ್ಣಾದ್ರೆ ಇದೇ ಹೆಸರು ಅಂತ."

ಫ್ಲೋರಾಗೆ ಆ ಮಧ್ಯಾಹ್ನ ನೆನಪಿತ್ತು. ಹೊರಗೆ ಹಿಮ ಬೀಳುತ್ತಿತ್ತು, ಬಸುರಿ ಸೊಸೆ ಒಲೆಯ ಮುಂದೆ ಕಾಲು ಚಾಚಿ ಕೂತು ಅದು ಇದು ಕೇಳುತ್ತಿದ್ದಳು. ಕೇಳುವ ಕಿವಿ ಸಿಕ್ಕಿತೆಂದು ತಾನು ಬಾಯಿ ಬಿಟ್ಟಿದ್ದಳು. ಸುಮ್ಮನೆ ಕಾಕಂಬಿ ಸುರಿದುಕೊಂಡು ಹಿಟ್ಟು ಕಲಸಬಾರದಿತ್ತೇ ಎಂದು ಈಗ ಅವಳಿಗೆ ಅನ್ನಿಸಿತು.

ಜಾನೆಲ್ ದೂರದ ಸಡ್‌ಬರಿಯವಳು, ಗಣಿಯೂರಿನ ಹುಡುಗಿ. ಇಲ್ಲಿನ ಶಾಲೆಗೆ ಟೀಚರಾಗಿ ಬಂದು, ಸಂಜೆ ಕ್ಲಾಸಿಗೆ ಹೋಗಿ ಗೇಲಿಕ್ ಕಲಿತು, ರಾನಲ್ಡ್‌ನನ್ನು ಮದುವೆಯಾದವಳು. ಮನೆಯವರೇ ಮರೆತ ಭಾಷೆಯನ್ನು ಸೊಸೆ ಪುಸ್ತಕ ಹಿಡಿದು ಕಲಿಯುತ್ತಿದ್ದಾಳೆ ಎಂದು ಫ್ಲೋರಾ ಊರವರೆದುರು ಹೆಮ್ಮೆಯಿಂದಲೇ ಹೇಳಿಕೊಂಡಿದ್ದಳು. ಅದು ಮನೆಯ ತೊಟ್ಟಿಲವರೆಗೆ ಬರುತ್ತದೆಂದು ಅವಳು ಎಣಿಸಿರಲಿಲ್ಲ.

ಇಷ್ಟರಲ್ಲೇ ಮುಗಿದಿದ್ದರೆ ಹೇಗೋ ಸಾಗುತ್ತಿತ್ತು. ಆದರೆ ಆ ವರ್ಷ ಲಾಕಿ ಹೊಸ ದೋಣಿ ಮಾಡಿಸಿದ್ದ. ಬಂದರಿನ ದಂಡೆಯ ಮೇಲೆ, ಮರದ ದಿಮ್ಮಿಗಳ ಮೇಲೆ ಬೆಳ್ಳಗೆ ಕೂತಿತ್ತು ಅದು, ಇನ್ನೂ ಹೆಸರಿಲ್ಲದೆ. ನಮ್ಮ ಕಡೆ ದೋಣಿಗೆ ಮನೆಯ ಹೆಣ್ಣಿನ ಹೆಸರೇ ಇಡಬೇಕು. ಹೆಂಡತಿಯದು, ಮಗಳದು, ಮೊಮ್ಮಗಳದು. ಲಾಕಿಯ ಹಳೆಯ ದೋಣಿ ಮೂವತ್ತೊಂದು ವರ್ಷ 'ಫ್ಲೋರಾ ಜಿ.' ಆಗಿತ್ತು. ಅದನ್ನು ಉತ್ತರದ ಬಂದರಿನ ಒಬ್ಬನಿಗೆ ಮಾರಿದರೂ ಅದು ಅಲ್ಲಿಯೂ 'ಫ್ಲೋರಾ ಜಿ.'ಯೇ, ಯಾಕೆಂದರೆ ನೀರು ಕಂಡ ದೋಣಿಯ ಹೆಸರು ಬದಲಿಸಿದರೆ ಕೇಡು ತಪ್ಪದು ಎಂದು ಇಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. ಹೆಣ್ಣೇ ಹುಟ್ಟುತ್ತದೆಂದು ನಂಬಿ, ಹೊಸ ದೋಣಿಗೆ ಮೊಮ್ಮಗಳ ಹೆಸರು ಎಂದು ಲಾಕಿ ಸೊಸೆಗೆ ಮೂರು ತಿಂಗಳು ತುಂಬಿದಾಗಲೇ ಊರಿಗೆಲ್ಲ ಸಾರಿಬಿಟ್ಟಿದ್ದ.

ಈಗ ಅವನು ತಲೆ ಕೆರೆದುಕೊಳ್ಳುತ್ತಿದ್ದ.

"ನನಗೇನೂ ಅಡ್ಡಿ ಇಲ್ಲ," ಎಂದ ಒಂದು ಬೆಳಿಗ್ಗೆ, ಗಂಜಿಯ ಬಟ್ಟಲಿನ ಮುಂದೆ. "ಆದ್ರೆ ರೇಡಿಯೋದಲ್ಲಿ ಕೂಗೋ ಹೆಸರು ಅದು. ಮಂಜು ಕವಿದು, ಎಂಜಿನ್ ಕೈ ಕೊಟ್ಟು, ನಾನು ಬೆಹಕ್ ಬೆಹಕ್ ಅಂತ ಅರಚ್ಕೋತಾ ಇದ್ರೆ, ಕೋಸ್ಟ್ ಗಾರ್ಡಿನೋನು 'ಏನಂದ್ರಿ, ಇನ್ನೊಂದ್ಸಲ ಹೇಳಿ' ಅಂತ ಕೂತಿರ್ತಾನೆ. ಅಷ್ಟರಲ್ಲಿ ನಾನು ತಳದಲ್ಲಿ ಲಾಬ್‌ಸ್ಟರ್ ಜೊತೆ ಕುಶಲ ಮಾತಾಡ್ತಿರ್ತೀನಿ."

"ಅದನ್ನೇ ನಾನೂ ಹೇಳ್ತಿರೋದು," ಎಂದಳು ಫ್ಲೋರಾ ತಕ್ಷಣ.

"ನೀನು ಯಾವಾಗ ಹೇಳ್ದೆ?" ಎಂದ ರಾನಲ್ಡ್. "ಐದು ವಾರದಿಂದ ಏನೂ ಹೇಳಿಲ್ಲ ನೀನು."

"ದೋಣಿಗಾದ್ರೂ ಬಾಯಿಗೆ ಸಿಗೋ ಹೆಸರಿರಲಿ. ರೆಬೆಕ್ಕಾ ಅಂತಿಟ್ರೆ ಅದೇ ಹೆಸರಲ್ವಾ? ನಮ್ಮಮ್ಮಂದೇ."

"ಮಗು ಹೆಸರು ರೆಬೆಕ್ಕಾ ಅಲ್ಲ," ಎಂದಳು ಜಾನೆಲ್. ದನಿ ಏರಿಸಲಿಲ್ಲ. ಅವಳು ದನಿ ಏರಿಸುವವಳಲ್ಲ, ಅದೇ ಫ್ಲೋರಾಗೆ ಕಷ್ಟ.

ಲಾಕಿ ಬಟ್ಟಲು ಕೆರೆದು ತಿಂದು ಎದ್ದ. "ಆಯ್ತು ಬಿಡಿ. ಮೂವತ್ತೊಂದು ವರ್ಷ ಇವಳ ಹೆಸರು ಕೂಗಿದ್ದೀನಿ, ಈ ಹೆಸರು ಕೂಗಿದ್ರೆ ನಾಲಿಗೆ ಏನೂ ಸವೆಯಲ್ಲ. ಮೊಮ್ಮಗಳ ಹೆಸರು ಅಂದ್ಮೇಲೆ ಮೊಮ್ಮಗಳ ಹೆಸರೇ."

ಫ್ಲೋರಾ ಸಿಂಕಿನಲ್ಲಿ ಪಾತ್ರೆಗಳನ್ನು ಅಷ್ಟು ಜೋರಾಗಿ ಯಾಕೆ ಇಡುತ್ತಿದ್ದಾಳೆಂದು ಅವನು ಕೇಳಲಿಲ್ಲ.

ಆ ವಾರವೆಲ್ಲ ಮನೆಯಲ್ಲಿ ಯಾರಿಗೂ ನೆಮ್ಮದಿಯಿಲ್ಲ. ಗಂಡಸರು ಅಂಗಳದಲ್ಲಿ ಲಾಬ್‌ಸ್ಟರ್ ಹಿಡಿಯುವ ಬೋನುಗಳಿಗೆ ಬಲೆ ಹೆಣೆಯುತ್ತ, ಹಗ್ಗ ಸುತ್ತುತ್ತ ಇದ್ದರು. ಫ್ಲೋರಾ ನೆಲಮಾಳಿಗೆಯಲ್ಲಿ ಬೋನು ಮುಳುಗಿದ ಜಾಗ ತೋರಿಸುವ ತೇಲುಬೆಂಡುಗಳಿಗೆ ಬಣ್ಣ ಹೊಡೆಯುತ್ತಿದ್ದಳು. ಇನ್ನೂರೈವತ್ತು ಬೆಂಡು, ಅರ್ಧ ಕಿತ್ತಳೆ ಅರ್ಧ ಬಿಳಿ, ಪ್ರತಿಯೊಂದರ ಮೇಲೂ ಕಪ್ಪಿನಲ್ಲಿ ಲೈಸೆನ್ಸಿನ ಅಂಕಿ. ಮದುವೆಯಾದಾಗಿನಿಂದ ಅದು ಅವಳ ಕೆಲಸ. ಕೈ ನಡುಗದೆ ಅಂಕಿ ಬರೆಯುವುದರಲ್ಲಿ ಬಂದರಿನಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಈ ವರ್ಷ ಮಾತ್ರ ಎರಡು ಬೆಂಡನ್ನು ಒರೆಸಿ ಮತ್ತೆ ಬರೆಯಬೇಕಾಯಿತು.

ಜಾನೆಲ್ ಒಗೆದ ಬಟ್ಟೆಯ ಬುಟ್ಟಿ ಹಿಡಿದು ಮೆಟ್ಟಿಲಿಳಿದು ಬಂದಳು. ಬುಟ್ಟಿ ಕೆಳಗಿಟ್ಟು ನಿಂತಳು.

"ಫ್ಲೋರಾ, ಒಂದು ಮಾತು ಕೇಳ್ಲಾ?"

"ಕೇಳು."

"ನನ್ನ ಮಗಳ ಹೆಸರೇನು?"

ಫ್ಲೋರಾ ಬ್ರಷ್ಷನ್ನು ಡಬ್ಬಿಯ ಅಂಚಿಗೆ ಒರೆಸಿದಳು. "ನಿನಗೇ ಗೊತ್ತಿರೋದನ್ನ ನನ್ನ ಕೇಳ್ತೀಯಲ್ಲ."

"ನಿಮ್ಮ ಬಾಯಲ್ಲಿ ಕೇಳ್ಬೇಕು."

"ಬಣ್ಣ ಒಣಗ್ತಾ ಇದೆ ಜಾನೆಲ್."

"ಆಂಟಿಗೊನಿಷ್‌ನಲ್ಲಿ ನನ್ನ ತಂಗಿ ಮನೆಯ ಮೇಲಂತಸ್ತು ಖಾಲಿ ಇದೆ," ಎಂದಳು ಜಾನೆಲ್. "ನಾನು ಜಗಳಕ್ಕೆ ಬಂದಿಲ್ಲ. ಬಾಣಂತನದಲ್ಲಿ ನೀವು ಮಾಡಿದ್ದನ್ನ ನನ್ನ ಹೆತ್ತಮ್ಮನೂ ಮಾಡ್ತಿರ್ಲಿಲ್ಲ, ಅದನ್ನ ನಾನು ಯಾವತ್ತೂ ಮರೆಯಲ್ಲ. ಆದ್ರೆ ಮೊಮ್ಮಗಳ ಹೆಸರು ಹೇಳೋಕೆ ನಾಚ್ಕೊಳ್ಳೋ ಅಜ್ಜಿ ಕೈಯಲ್ಲಿ ಆ ಮಗು ಬೆಳೆಯೋದು ಬೇಡ. ಅವಳಿಗೆ ಮಾತು ಗೊತ್ತಾಗೋ ಮೊದಲೇ ಹೊರಟುಬಿಡ್ತೀನಿ. ಬೋನು ಇಳಿಸೋ ದಿನದವರೆಗೆ ಇರ್ತೀನಿ, ರಾನಲ್ಡ್‌ಗೋಸ್ಕರ."

ಅವಳು ಬುಟ್ಟಿ ಎತ್ತಿಕೊಂಡು ಹೋದಳು. ಫ್ಲೋರಾ ಒಬ್ಬಳೇ ನಿಂತು, ಸುತ್ತ ಸಾಲಾಗಿ ತೂಗುತ್ತಿದ್ದ ಬೆಂಡುಗಳನ್ನು ನೋಡಿದಳು. ಮಗು ಹೋದರೆ ಈ ಮನೆಯಲ್ಲಿ ತನಗೇನು ಕೆಲಸ ಎಂದು ಅವಳಿಗೆ ಅಳು ಬಂತು. ಬಾಯಿ ತೆರೆದು ಹೆಸರು ಹೇಳಲು ನೋಡಿದಳು. ಆಗಲಿಲ್ಲ, ಮತ್ತೆ ಬ್ರಷ್ಷು ಎತ್ತಿಕೊಂಡಳು.

ಏಪ್ರಿಲ್ ಕೊನೆಯ ಸೋಮವಾರ ಲಾಕಿ ಹೇಳಿದ: "ಆಂಬ್ರೋಸ್ ಇವತ್ತು ದೋಣಿಗೆ ಅಕ್ಷರ ಬರೀತಾನಂತೆ. ನಾನು ಹಗ್ಗ ಬಿಟ್ಟು ಬರೋಕಾಗಲ್ಲ. ಜಾನೆಲ್, ಒಂದು ಚೀಟೀಲಿ ಬರ್ದುಕೊಡಮ್ಮ, ತಪ್ಪಾಗಬಾರ್ದು. ಫ್ಲೋರಾ ಕೊಟ್ಟು ಬರ್ತಾಳೆ."

ಜಾನೆಲ್ ದೊಡ್ಡ ಅಕ್ಷರದಲ್ಲಿ ಬರೆದು, ಅತ್ತೆಯ ಮುಖ ಒಂದು ಕ್ಷಣ ನೋಡಿ, ಚೀಟಿ ಕೊಟ್ಟಳು. ಫ್ಲೋರಾ ಅದನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಬಂದರಿಗೆ ಹೋದಳು. ಆಂಬ್ರೋಸ್ ಏಣಿಯ ಕೆಳಗೆ ಬಣ್ಣ ಕಲಸುತ್ತಿದ್ದ. ಹಳೆಯ ಮನುಷ್ಯ, ಊರಿನ ದೋಣಿಗಳಿಗೂ ಸಮಾಧಿ ಕಲ್ಲುಗಳಿಗೂ ಅಕ್ಷರ ಬರೆಯುವವನು ಅವನೊಬ್ಬನೇ.

"ಏನಮ್ಮ, ಏನು ಹೆಸರು ನಮ್ಮ ಮಹಾರಾಣೀದು? ಊರೆಲ್ಲ ಒಬ್ಬೊಬ್ರು ಒಂದೊಂದು ಹೇಳ್ತಾರೆ."

ಫ್ಲೋರಾಳ ಕೈ ಜೇಬಿನಲ್ಲೇ ಇತ್ತು. ಚೀಟಿ ಬೆರಳಿಗೆ ಸಿಗುತ್ತಿತ್ತು.

"ರೆಬೆಕ್ಕಾ ಜಿ.," ಎಂದಳು.

"ಅಷ್ಟೇನಾ? ಇದಕ್ಕೆ ಇಷ್ಟೊಂದು ಗದ್ದಲವಾ?" ಎಂದ ಆಂಬ್ರೋಸ್.

"ಅಷ್ಟೇ," ಎಂದು ಅವಳು ತಿರುಗಿ ನಡೆದಳು. ಮನೆಯ ತನಕ ಬಿಸಿಲಿದ್ದರೂ ಅವಳಿಗೆ ಚಳಿಯಾಗುತ್ತಿತ್ತು.

ಆಂಬ್ರೋಸ್ ಬರೆದು ಮುಗಿಸಿ, ಧೂಳು ಬೀಳದಿರಲೆಂದು ಟಾರ್ಪಾಲು ಹೊದಿಸಿ, ಕಣ್ಣಿನ ಆಪರೇಷನ್ನಿಗೆಂದು ಹ್ಯಾಲಿಫ್ಯಾಕ್ಸಿಗೆ ಹೊರಟುಹೋದ. ಟಾರ್ಪಾಲು ತೆಗೆದದ್ದು ಶುಕ್ರವಾರ ಸಂಜೆ. ಶನಿವಾರ ಮಧ್ಯಾಹ್ನ ಸಮುದ್ರ ಉಬ್ಬರಕ್ಕೆ ಬಂದಾಗ ದೋಣಿ ನೀರಿಗಿಳಿಯಬೇಕು, ಭಾನುವಾರ ಪಾದ್ರಿಯಿಂದ ಆಶೀರ್ವಾದ, ಸೋಮವಾರ ಹಂಗಾಮು ಶುರುವಾಗಿ ಎಲ್ಲರೂ ಬೋನು ಇಳಿಸುವ ದಿನ.

ಆ ಸಂಜೆ ಗಂಡಸರು ಮನೆಗೆ ಬಂದಾಗ ಫ್ಲೋರಾ ಮೇಜಿನ ಮೇಲೆ ಸೂಪು ಇಡುತ್ತಿದ್ದಳು. ಲಾಕಿ ಬೂಟು ಬಿಚ್ಚದೆ ಒಳಗೆ ಬಂದ. ಅಷ್ಟು ಸಾಕಾಗಿತ್ತು, ಅವಳಿಗೆ ಎಲ್ಲ ತಿಳಿಯಿತು.

"ಚೀಟಿ ಏನು ಮಾಡ್ದೆ?" ಎಂದು ಕೇಳಿದ.

"ಕೋಟಲ್ಲಿದೆ."

"ಕೊಡಲಿಲ್ವಾ?"

"ಕೊಡಲಿಲ್ಲ."

ರಾನಲ್ಡ್ ಮೇಜಿನ ಮೇಲೆ ಕೈ ಅಪ್ಪಳಿಸಿದ, ಸೂಪು ಚೆಲ್ಲಿತು. ಹುಟ್ಟಿದಾಗಿನಿಂದ ಅಮ್ಮನೆದುರು ದನಿ ಏರಿಸದವನು ಅವನು. "ನಿನಗೇನಾಗಿದೆ ಅಮ್ಮ? ನನ್ನ ಮಗಳ ದೋಣಿ ಅದು. ಊರವರೆಲ್ಲ ನಿಂತಿದ್ರು, ಅವರ ಮುಂದೆ ಟಾರ್ಪಾಲು ಎತ್ತಿದ್ವಿ. ಯಾರೋ ಚಪ್ಪಾಳೆ ಬೇರೆ ತಟ್ಟಿದ್ರು."

"ನಮ್ಮಮ್ಮನ ಹೆಸರೇ ಅಲ್ವಾ ಅದು? ಕಲ್ಲಿನ ಮೇಲೆ ಇರೋದೂ ಅದೇ."

"ಕಲ್ಲಿನ ಮೇಲೆ ಅದನ್ನ ಬರೆಸಿದ್ದು ಯಾರು?" ಎಂದಳು ಜಾನೆಲ್. ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಳು.

ಫ್ಲೋರಾ ಚೆಲ್ಲಿದ ಸೂಪನ್ನು ಒರೆಸತೊಡಗಿದಳು. ಜಾನೆಲ್ ಮಹಡಿಗೆ ಹೋದಳು. ಸ್ವಲ್ಪ ಹೊತ್ತಿಗೆ ಕಪಾಟಿನ ಬಾಗಿಲು, ಪೆಟ್ಟಿಗೆಯ ಜಿಪ್ಪು ಕೇಳಿಸಿದವು.

ಲಾಕಿ ಕುರ್ಚಿಯಲ್ಲಿ ಕೂತು ಕೊನೆಗೂ ಬೂಟು ಬಿಚ್ಚಿದ. "ನಾಳೆ ಮಧ್ಯಾಹ್ನ ನೀರಿಗೆ ಬಿದ್ರೆ ಮುಗೀತು. ಆಮೇಲೆ ನಾನು ಬದಲಾಯಿಸಲ್ಲ, ಯಾರು ಹೇಳಿದ್ರೂ ಬದಲಾಯಿಸಲ್ಲ. ನನ್ನ ಜೊತೆ ನನ್ನ ಮಗನೂ ಹತ್ತುತ್ತಾನೆ ಅದಕ್ಕೆ. ಆಂಬ್ರೋಸ್ ಅಂತೂ ಊರಲ್ಲಿಲ್ಲ." ಅವನು ಹೆಂಡತಿಯನ್ನು ನೋಡಿದ. "ಸಿಟ್ಟು ಮಾಡೋಕೂ ಆಗ್ತಿಲ್ಲ ಕಣೇ ನನಗೆ. ಯಾಕೆ ಹೀಗೆ ಮಾಡ್ದೆ ಅಂತಲೇ ತಿಳೀತಿಲ್ಲ."

ಸೂಪನ್ನು ಯಾರೂ ಮುಟ್ಟಲಿಲ್ಲ. ಫ್ಲೋರಾ ಅದನ್ನು ಮತ್ತೆ ಪಾತ್ರೆಗೆ ಸುರಿದಳು.

ಶನಿವಾರ ಹೊತ್ತು ಮೂಡಿದ ಮೇಲೆ ಜಾನೆಲ್ ಕೆಳಗಿಳಿದಾಗ ಅಡಿಗೆಮನೆ ಖಾಲಿ. ಒಲೆ ಹೊತ್ತಿಸಿಲ್ಲ. ನೆಲಮಾಳಿಗೆಯಲ್ಲಿ ಕಪ್ಪು ಬಣ್ಣದ ಡಬ್ಬಿ, ಬ್ರಷ್ಷು, ಉಜ್ಜುಕಾಗದ ಯಾವುದೂ ಇರಲಿಲ್ಲ. ಅವಳು ಮಗುವಿಗೆ ಟೋಪಿ ಹಾಕಿ ಎತ್ತಿಕೊಂಡು ಬಂದರಿಗೆ ಹೋದಳು.

ಫ್ಲೋರಾ ಏಣಿಯ ಮೇಲಿದ್ದಳು. ರೆಬೆಕ್ಕಾ ಅರ್ಧ ಹೋಗಿತ್ತು. ಥಿನ್ನರ್ ವಾಸನೆ ದೂರಕ್ಕೇ ಬರುತ್ತಿತ್ತು, ಅವಳ ಕೈ ಮೊಣಕೈವರೆಗೆ ಕಪ್ಪಾಗಿತ್ತು. ಸೊಸೆಯನ್ನು ನೋಡಿದರೂ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಚೀಟಿ ಆ ಕೋಟಿನ ಜೇಬಲ್ಲಿದೆ. ತೆಗೆದು ಎತ್ತಿ ಹಿಡ್ಕೋ. ನನಗೆ ಆ ಅಕ್ಷರ ಬರೋದಿಲ್ಲ, ನೋಡ್ಕೊಂಡು ಬರೀಬೇಕು."

ಜಾನೆಲ್ ಒಂದು ಕೈಯಲ್ಲಿ ಮಗು, ಇನ್ನೊಂದು ಕೈಯಲ್ಲಿ ಚೀಟಿ ಹಿಡಿದು ನಿಂತಳು. ಕೊನೆಯ ಅಕ್ಷರವೂ ಹೋದ ಮೇಲೆ ಫ್ಲೋರಾ ಬಟ್ಟೆಯಿಂದ ಒರೆಸಿದಳು, ಸೀಸದ ಕಡ್ಡಿಯಿಂದ ಗೆರೆ ಎಳೆದಳು, ಬ್ರಷ್ಷು ಅದ್ದಿದಳು. ಮಾತಾಡಿದ್ದು ದೋಣಿಯ ಕಡೆ ಮುಖ ಮಾಡಿಕೊಂಡೇ.

"ನನಗಾಗ ಎಂಟು ವರ್ಷ. ಶಾಲೇಲಿ ಕ್ರಿಸ್‌ಮಸ್ ಕಾರ್ಯಕ್ರಮ. ನಾನು ದೇವದೂತೆ, ಬಿಳೀ ಲಂಗ. ಅಮ್ಮ ತಡವಾಗಿ ಬಂದ್ಲು, ಹಸು ಕರೆದು ಬರ್ಬೇಕಿತ್ತಲ್ಲ. ಅಪ್ಪ ಹಿಂದಿನ ಬೆಂಚಿಂದ ಅವಳ ಹೆಸರು ಹಿಡಿದು ಜೋರಾಗಿ ಕೂಗ್ದ, ಇಲ್ಲಿ ಜಾಗ ಇದೆ ಬಾ ಅಂತ. ಅಪ್ಪನಿಗೆ ಮೆತ್ತಗೆ ಮಾತಾಡೋಕೆ ಬರ್ತಿರ್ಲಿಲ್ಲ. ಮಕ್ಕಳೆಲ್ಲ ಕುರಿ ಕೂಗಿದ ಹಾಗೆ ಬೆಹ್ಹೆಹ್ಹೆ ಅಂದ್ರು. ಟೀಚರ್ ಕೂಡ ನಕ್ಕುಬಿಟ್ರು. ಆ ಚಳಿಗಾಲ ಪೂರ್ತಿ ನಾನು ಹೋದಲ್ಲೆಲ್ಲ ಬೆಹ್ಹೆಹ್ಹೆ."

"ಆಮೇಲೆ?"

"ಅಮ್ಮಂಗೆ ಹೇಳ್ದೆ, ಇನ್ಮೇಲೆ ಶಾಲೆ ಕಡೆ ಬರ್ಬೇಡ ಅಂತ. ಅಪ್ಪಂಗೆ ಹೇಳ್ದೆ, ಜನರ ಮುಂದೆ ಆ ಹೆಸರು ಕೂಗ್ಬೇಡ ಅಂತ. ಇಬ್ರೂ ಒಂದು ಮಾತು ಬೈಲಿಲ್ಲ. ಅಮ್ಮ ಮತ್ತೆ ಬರಲೇ ಇಲ್ಲ, ನನ್ನ ಶಾಲೆ ಮುಗಿಯೋವರೆಗೂ. ಅಪ್ಪನೂ ಅಷ್ಟೇ, ಜನರ ಮುಂದೆ ರೆಬೆಕ್ಕಾ, ಆಮೇಲಾಮೇಲೆ ಮನೇಲೂ ರೆಬೆಕ್ಕಾ. ಅವಳು ಸತ್ತಾಗ ಆಂಬ್ರೋಸ್ ಬಂದು ಕೇಳ್ದ, ಕಲ್ಲಿಗೆ ಯಾವ ಹೆಸರು ಅಂತ. ನಾನೇ ಹೇಳಿದ್ದು." ಫ್ಲೋರಾ ಮುಂಗೈಯಿಂದ ಮೂಗು ಒರೆಸಿಕೊಂಡಳು, ಅಲ್ಲೂ ಕಪ್ಪಾಯಿತು. "ಊರವರು ಯಾರೂ ಕಿತ್ಕೊಂಡಿದ್ದಲ್ಲ ಜಾನೆಲ್. ನಾನು ಕಿತ್ಕೊಂಡಿದ್ದು."

ಚೀಟಿಯ ಮೂಲೆ ತುಟಿಗೆ ತಗುಲಿ ಮಗು ಚೀಪಲು ನೋಡಿತು, ಜಾನೆಲ್ ಅದನ್ನು ಸರಿಸಿ ಮತ್ತೆ ಎತ್ತಿ ಹಿಡಿದಳು.

ಹತ್ತು ಗಂಟೆಗೆ ಹೆಸರು ಮುಗಿಯಿತು. ಆಂಬ್ರೋಸನ ಬಳುಕು, ಬಾಲ ಅದರಲ್ಲಿರಲಿಲ್ಲ. ಬೆಂಡಿನ ಮೇಲಿನ ಅಂಕಿಯ ಹಾಗೆ ದಪ್ಪಗೆ, ನೆಟ್ಟಗೆ ನಿಂತ ಅಕ್ಷರಗಳು. ದಾರಿಯಲ್ಲಿ ಹೋಗುತ್ತಿದ್ದ ಇಬ್ಬರು ಮೀನುಗಾರರು ನಿಂತರು. ಒಬ್ಬ ಟೋಪಿ ಹಿಂದೆ ಸರಿಸಿ, "ಇದನ್ನ ಹೇಗೆ ಹೇಳೋದು ಫ್ಲೋರಾ?" ಎಂದು ಕೇಳಿದ.

ಜಾನೆಲ್ ಸುಮ್ಮನೆ ನಿಂತಳು. ಬೇಕೆಂದೇ ಸುಮ್ಮನಿದ್ದಳು. ಫ್ಲೋರಾ ಬ್ರಷ್ಷು ತೊಳೆಯುತ್ತ, "ಲಾಕೀನ ಕೇಳಿ, ಅವನದು ದೋಣಿ," ಎಂದಳು.

ಮನೆಗೆ ಹೋಗುವ ದಾರಿಯಲ್ಲಿ ಜಾನೆಲ್ ಹೇಳಿದಳು: "ನೀವು ಬರೆದಿರಿ. ಅದು ಸಣ್ಣ ಮಾತಲ್ಲ, ಗೊತ್ತು ನನಗೆ. ಆದ್ರೆ ಅವಳು ಓದೋದು ಕಲಿಯೋಕೆ ಇನ್ನೂ ಐದು ವರ್ಷ ಬೇಕು. ಕೇಳಿಸ್ಕೊಳ್ಳೋದು ಈಗಲೇ ಶುರು ಮಾಡಿದ್ದಾಳೆ."

"ಹೊರಡೋದು ಹೊರಡೋದೇನಾ ಹಾಗಾದ್ರೆ?"

"ಸೋಮವಾರ ಮಧ್ಯಾಹ್ನ ತಂಗಿ ಕಾರು ತರ್ತಾಳೆ."

ದೋಣಿ ನೀರಿಗಿಳಿಯಿತು. ಭಾನುವಾರ ಪಾದ್ರಿ ಪವಿತ್ರ ಜಲ ಚಿಮುಕಿಸಿ, ಹೆಸರು ಬರುವ ಜಾಗದಲ್ಲಿ ಜಾಣತನದಿಂದ "ಈ ದೋಣಿಯನ್ನು" ಎಂದು ಹೇಳಿ ಪಾರಾದ. ಸೋಮವಾರ ಬೆಳಗಾಗುತ್ತಲೇ ಇಡೀ ಊರು ಬಂದರಿನ ದಕ್ಕೆಯ ಮೇಲಿತ್ತು. ದೋಣಿಗಳು ಬೋನುಗಳನ್ನು ಹೊತ್ತು ನೀರಿಗೆ ತೀರ ತಗ್ಗಿ, ಒಂದರ ಹಿಂದೆ ಒಂದು ಹೊರಟವು. ಮಂಜು ಇತ್ತು, ಹೆಚ್ಚಲ್ಲ. ಗಂಡಸರು ಕೈ ಬೀಸಿದರು, ಹೆಂಗಸರು ಕೈ ಬೀಸಿದರು. ರಾನಲ್ಡ್ ದಡದ ಮೇಲಿದ್ದ ಮಗುವಿಗೆ ಹೆಸರು ಹಿಡಿದು ಕೂಗಿ ಹೇಳಿ ಹೋದ.

ಮನೆಗೆ ಬಂದು ಫ್ಲೋರಾ ರೇಡಿಯೋ ಹಾಕಿದಳು. ಅಡಿಗೆಮನೆಯ ಕಿಟಕಿಯ ಪಕ್ಕ ದೋಣಿಗಳ ಜೊತೆ ಮಾತಾಡುವ ಆ ಸೆಟ್ಟು ಮೂವತ್ತು ವರ್ಷದಿಂದ ಇದೆ. ಲಾಕಿ ಸಮುದ್ರದಲ್ಲಿರುವಷ್ಟು ಹೊತ್ತು ಅದು ಗುಯ್ಗುಡುತ್ತಲೇ ಇರುತ್ತದೆ, ಅದರ ಮುಂದೆಯೇ ಅವಳು ಹಿಟ್ಟು ನಾದುತ್ತಾಳೆ, ಆಲೂಗಡ್ಡೆ ಸುಲಿಯುತ್ತಾಳೆ. ಮಹಡಿಯಲ್ಲಿ ಜಾನೆಲ್ ಸಾಮಾನು ಕಟ್ಟುತ್ತಿದ್ದಳು. ಮಗು ಕೆಳಗೆ ಬುಟ್ಟಿಯಲ್ಲಿ ಮಲಗಿತ್ತು.

ಅಡಿಗೆಮನೆಗೆ ಗಂಡಸರ ದನಿಗಳು ಒಂದೊಂದಾಗಿ ಬಂದವು. ಗಾಳಿ ಎಷ್ಟಿದೆ, ಯಾರ ಹಗ್ಗ ಯಾರದರ ಮೇಲೆ ಬಿತ್ತು, ಯಾರು ಟೀ ಫ್ಲಾಸ್ಕ್ ಮರೆತು ಬಂದ. ನಡುವೆ ಒಬ್ಬ ಕೇಳಿದ: "ಲಾಕೀ, ನಿನ್ನ ಹೊಸ ದೋಣೀನ ಏನಂತ ಕರೀಬೇಕೋ ಮಾರಾಯ? ಬೀತ್ಯಾಗಾ?"

"ಬೆತಗಾ," ಎಂದ ಇನ್ನೊಬ್ಬ.

ಮೂರನೆಯವನು ಏನೂ ಹೇಳದೆ ಕುರಿಯ ಹಾಗೆ ಕೂಗಿದ. "ಬೆಹ್ಹೆಹ್ಹೆ." ನಾಲ್ಕು ದೋಣಿಗಳಿಂದ ನಗು ಬಂತು. ಕೆಟ್ಟ ನಗುವಲ್ಲ, ಮೊದಲ ದಿನದ ಹುರುಪಿನ ನಗು. ಇನ್ನೊಂದು ದೋಣಿಯಿಂದಲೂ ಕುರಿ ಕೂಗಿತು.

ಫ್ಲೋರಾ ಕೈಯಲ್ಲಿದ್ದ ಚಾಕು ಇಟ್ಟಳು. ಅರವತ್ತಾರು ವರ್ಷದ ಹೆಂಗಸು ಎಂಟು ವರ್ಷದ ಹುಡುಗಿಯಂತೆ ಕಿವಿಯವರೆಗೆ ಕೆಂಪಾದಳು. ಬುಟ್ಟಿಯಲ್ಲಿ ಮಗು ಎಚ್ಚರವಾಗಿ, ಕಣ್ಣು ಅರಳಿಸಿಕೊಂಡು, ಆ ಸದ್ದು ಬಂದ ಕಡೆಗೇ ಮುಖ ತಿರುಗಿಸಿ ನೋಡುತ್ತಿತ್ತು. ಅದನ್ನು ನೋಡಿದ ಮೇಲೆ ಫ್ಲೋರಾಗೆ ತಡೆಯಲಾಗಲಿಲ್ಲ. ರೇಡಿಯೋದ ಮೈಕು ಕೈಗೆ ತೆಗೆದುಕೊಂಡು ಒತ್ತಿದಳು.

"ಎಲ್ಲರೂ ಕೇಳಿ. ನಾನು ಫ್ಲೋರಾ ಗಿಲ್ಲಿಸ್, ಮನೆಯಿಂದ."

ನಗು ನಿಂತಿತು. ಆ ಚಾನೆಲ್ಲಿನಲ್ಲಿ ಅವಳು ಊಟಕ್ಕೆ ಎಷ್ಟು ಹೊತ್ತಿಗೆ ಬರ್ತೀರಿ ಎಂದು ಕೇಳಿದ್ದು ಬಿಟ್ಟರೆ ಬೇರೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ.

"ಆ ದೋಣಿ ಹೆಸರು ಬೆಹಕ್. ನಮ್ಮಮ್ಮನ ಹೆಸರದು. ನಿಮ್ಮಲ್ಲಿ ಅರ್ಧ ಜನ ಅವಳ ಕೈಯಲ್ಲಿ ರೊಟ್ಟಿ, ಕಾಕಂಬಿ ತಿಂದಿದ್ದೀರಿ. ನನ್ನ ಮೊಮ್ಮಗಳ ಹೆಸರೂ ಬೆಹಕ್. ಅವಳಿಲ್ಲೇ ಇದ್ದಾಳೆ, ಕೇಳಿಸ್ಕೋತಾ ಇದ್ದಾಳೆ. ಕುರಿ ಕೂಗೋದು ಮುಗಿದಿದ್ರೆ ಹೆಸರು ಕಲೀರಿ. ನನಗೆ ಕಲಿಯೋಕೆ ಐವತ್ತೆಂಟು ವರ್ಷ ಬೇಕಾಯ್ತು. ನಿಮಗೆ ಒಂದು ನಿಮಿಷ ಸಾಕು."

ಬಟನ್ನು ಬಿಟ್ಟಳು. ಸೆಟ್ಟಿನಿಂದ ಬರೀ ಸರಸರ ಸದ್ದು. ಮಹಡಿಯ ಮೇಲೂ ಸದ್ದಿಲ್ಲ. ತಾನು ಮಾಡಬಾರದ್ದನ್ನು ಮಾಡಿಬಿಟ್ಟೆನೇನೋ ಎಂದು ಫ್ಲೋರಾ ಕುರ್ಚಿಯ ಬೆನ್ನು ಹಿಡಿದುಕೊಂಡಳು.

ಆಗ ಕುರಿಯಂತೆ ಕೂಗಿದವನದೇ ದನಿ ಬಂತು, ತಗ್ಗಿದ ದನಿ. "ಬೆಹಕ್, ಬೆಹಕ್, ನಾನು ಮೇರಿ ಎಲೆನ್ ದೋಣಿಯಿಂದ. ತಪ್ಪಾಯ್ತು ಫ್ಲೋರಾ. ಲಾಕೀ, ನಿನ್ನ ಪಶ್ಚಿಮಕ್ಕೆ ನನ್ನ ಬೋನು ಬಿಡ್ತಾ ಇದ್ದೀನಿ, ಸ್ವಲ್ಪ ನೋಡ್ಕೋ."

"ಬೆಹಕ್, ನಾನು ಡೋನಾ ಮೇ. ಮಂಜು ತೆಳ್ಳಗಾಗ್ತಿದೆ."

"ಬೆಹಕ್, ಬೆಹಕ್, ಆನಿ ಆಂಡ್ ಜೋಯ್ಸ್..."

ಒಂದರ ಹಿಂದೆ ಒಂದು ಹೆಂಗಸರ ಹೆಸರಿನ ದೋಣಿಗಳು ಆ ಹೆಸರು ಕರೆದವು. ಕೆಲವರು ಸರಿಯಾಗಿ ಹೇಳಿದರು, ಕೆಲವರು ಸುಮಾರಾಗಿ. ಫ್ಲೋರಾ ನಿಂತೇ ಇದ್ದಳು, ಕೆನ್ನೆಯ ಮೇಲೆ ನೀರಿಳಿಯುತ್ತಿತ್ತು. ಕೊನೆಗೆ ಲಾಕಿಯ ದನಿ ಬಂತು.

"ಬೆಹಕ್‌ನಿಂದ ಮನೆಗೆ. ಮೊದಲ ಸಾಲು ಇಳಿಸಿದ್ವಿ. ಮನೇಲೆಲ್ಲ ಹೇಗಿದ್ದೀರಿ?"

ಫ್ಲೋರಾ ಮೈಕಿನ ಕಡೆ ಕೈ ಚಾಚಿದಳು, ಇನ್ನೊಂದು ಕೈಯಿಂದ ಕೆನ್ನೆ ಒರೆಸಿಕೊಂಡಳು. ಮೆಟ್ಟಿಲಿಳಿದು ಬಂದ ಜಾನೆಲ್ ಅವಳ ಪಕ್ಕದಿಂದ ಕೈ ಹಾಕಿ ಬಟನ್ನು ಒತ್ತಿ, "ಎಲ್ಲ ಇದ್ದೀವಿ ಮಾವ. ಊಟಕ್ಕೆ ಬೇಗ ಬನ್ನಿ," ಎಂದಳು. ಆಮೇಲೆ ಬುಟ್ಟಿಯಿಂದ ಮಗುವನ್ನೆತ್ತಿ ಅತ್ತೆಯ ತೋಳಿಗೆ ಕೊಟ್ಟು, ತಂಗಿಗೆ ಫೋನು ಮಾಡಲು ಹೋದಳು. ಕಾರು ತರುವುದು ಬೇಡ ಎಂದು ಅವಳು ಹೇಳುತ್ತಿದ್ದುದು ಅಡಿಗೆಮನೆಗೆ ಕೇಳಿಸುತ್ತಿತ್ತು.

ಫ್ಲೋರಾ ಮಗುವಿನೊಂದಿಗೆ ಒಲೆಯ ಮುಂದೆ ಕೂತಳು. ಜಾನೆಲ್ ಮರಳಿ ಬಂದು ಅರ್ಧ ಸುಲಿದಿದ್ದ ಆಲೂಗಡ್ಡೆಗೆ ಚಾಕು ಹಿಡಿದಾಗ ಫ್ಲೋರಾ ಕೇಳಿದಳು:

"ಆಂಬ್ರೋಸ್ ಕಣ್ಣು ಯಾವಾಗ ಸರಿಹೋಗುತ್ತಂತೆ?"

"ಮೂರು ವಾರ ಬೇಕಂತೆ. ಯಾಕೆ?"

"ಅಮ್ಮನ ಕಲ್ಲಿನ ಮೇಲೆ ಇನ್ನೊಂದು ಸಾಲಿಗೆ ಜಾಗ ಇದೆ," ಎಂದಳು ಫ್ಲೋರಾ. "ಈ ಸಲ ಚೀಟಿ ಕೊಟ್ಟು ಬರ್ತೀನಿ. ನೀನೂ ಬಾ ಜೊತೆಗೆ. ಬೆಹಕ್‌ನೂ ಕರ್ಕೊಂಡು ಹೋಗೋಣ."